ಖಂಡಪ್ಪ ಮಾಸ್ತರು ಮತ್ತು ಮೊದಲ ಹುಣಸೆಬೀಜ

ಖಂಡಪ್ಪ ಮಾಸ್ತರು ಮೂವತ್ತೊಂದು ವರ್ಷ ಕುರ್ಚಿಯ ಮೇಲೆ ಕೂತು ಗಣಿತ ಕಲಿಸಿದವರು. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಏಳನೇ ತರಗತಿಯ ಹುಡುಗರು ಹದಿನೇಳರ ಮಗ್ಗಿಯನ್ನು ತಾವಾಗಿಯೇ ಒದರುತ್ತಿದ್ದರು. ಇಂಥ ಮನುಷ್ಯನನ್ನು ನಿವೃತ್ತಿಗೆ ಎರಡೇ ವರ್ಷ ಉಳಿದಿರುವಾಗ ಸರ್ಕಾರ ನೆಲಕ್ಕಿಳಿಸಿತು. ಯಾದಗಿರಿ ಹೊಸ ಜಿಲ್ಲೆಯಾದ ವರ್ಷ ಅದು. ವನದುರ್ಗದಾಚೆ, ಕಾಲುವೆ ದಂಡೆಯ ಅವರ ಸಣ್ಣ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ, ಆಡಿಸುತ್ತ ಕಲಿಸುವ ನಲಿಕಲಿ ನಡೆಯುತ್ತಿತ್ತು. ನಡೆಸುತ್ತಿದ್ದ ಟೀಚರು ಹೆರಿಗೆ ರಜೆ ಹಾಕಿ ಹೋದರು. ಉಳಿದವರೆಲ್ಲ ಖಂಡಪ್ಪ ಮಾಸ್ತರ ಮುಖ ನೋಡಿದರು.

ನಲಿಕಲಿ ಕೋಣೆಯಲ್ಲಿ ಕುರ್ಚಿ ಇಲ್ಲ. ಮಕ್ಕಳು ದುಂಡಗೆ ಕೂರುತ್ತಾರೆ, ಅವರ ನಡುವೆ ಮಾಸ್ತರೂ ಕೂರಬೇಕು. ಈ ಸುದ್ದಿಯನ್ನು ಮಾಸ್ತರ ಮಂಡಿಗಳಿಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಮೊದಲ ದಿನ ಕೂರುವುದಕ್ಕೆ ಐದು ನಿಮಿಷ ಹಿಡಿಯಿತು, ಎಬ್ಬಿಸುವುದಕ್ಕೆ ಮೂರು ಮಕ್ಕಳು ಬೇಕಾದರು. ಎರಡನೇ ದಿನ ಕಪ್ಪು ಮಣ್ಣನ್ನು ಹಾವಿನಂತೆ ಹೊಸೆದು ರ, ಗ, ಸ ಅಕ್ಷರ ಮಾಡಿಸಬೇಕಿತ್ತು. ದೇವಿಂದ್ರನೆಂಬ ಪುಟ್ಟ ಹುಡುಗ ತನ್ನ ಸೊಗಸಾದ ಗ ಅಕ್ಷರವನ್ನು ಒಣಗಲೆಂದು ಮಾಸ್ತರ ಇಸ್ತ್ರಿ ಅಂಗಿಯ ಬೆನ್ನಿಗೇ ಅಂಟಿಸಿದ. ಮಾಸ್ತರು ಅದನ್ನು ಹೊತ್ತುಕೊಂಡೇ ಮನೆಗೆ ಹೋದರು. "ಮೂವತ್ತ್ ವರ್ಷಕ್ಕ ಒಂದಾರ ಅಕ್ಷರ ಮೈಗಿ ಹತ್ತಿತಲ್ರಿ" ಎಂದು ಹೆಂಡತಿ ಮಾನಮ್ಮ ಅಂಗಿ ನೆನೆಹಾಕಿದಳು.

ಆದರೂ ಮನುಷ್ಯ ಹಟಮಾರಿ. ಮಾಡುವುದಾದರೆ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತೇನೆ ಎಂದು ಹೊರಟರು. ಜೋಳದ ದಂಟು ಕತ್ತರಿಸಿ ಹತ್ತತ್ತರ ಕಟ್ಟು ಕಟ್ಟಿದರು. ಮರಳು ಹರಡಿ ಅದರ ಮೇಲೆ ಬೆರಳಿನಿಂದ ಬರೆಸಿದರು. ಹುಣಸೆಬೀಜ ತೊಳೆದು ಒಣಗಿಸಿ, ಎಣಿಸಲಿಕ್ಕೆಂದು ಮಗುವಿಗೊಂದು ಹಿಡಿ ಕೊಟ್ಟರು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿತ್ತು. ಒಂದು ಕಾರ್ಡು ಮುಗಿಸಿದ ಮಗುವಿನ ಹೆಸರಿನ ಚೀಟಿ ಒಂದು ಮೆಟ್ಟಿಲು ಹತ್ತಬೇಕು. ಎಲ್ಲರೂ ಹತ್ತಿದರು, ಆಮೀನಾ ಒಬ್ಬಳನ್ನು ಬಿಟ್ಟು.

ಆಮೀನಾ ದಡ್ಡಿಯಲ್ಲ. ದಂಟಿನ ಕಟ್ಟುಗಳನ್ನು ಕೂಡಿಸು ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸುತ್ತಿದ್ದಳು. ತಕರಾರು ಇದ್ದದ್ದು ಮೊದಲ ಬೀಜದಲ್ಲಿ. ಅದನ್ನು ಮುಂದಿಟ್ಟು "ಬರ್ಕತ್" ಎನ್ನುವಳು. ಆಮೇಲೆ ಎರಡು, ಮೂರು, ನಾಲ್ಕು, ಎಲ್ಲ ಸರಿ. ಅವಳ ಅಜ್ಜ ಬಾಷುಮಿಯಾ ಊರ ಕಣಗಳಲ್ಲಿ ಕಾಳು ಅಳೆಯುವವನು. ರಾಶಿ ಅಳೆಯುವಾಗ ಮೊದಲ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ರಾಶಿ ಒಂದಕ್ಕೇ ಇಳಿದೀತು ಎಂಬ ಅಂಜಿಕೆ. ಒಂದರ ಬದಲು ಹಿಂದೂಗಳ ಕಣದಲ್ಲಿ ಲಾಭ ಎನ್ನುತ್ತಾರೆ, ಮುಸಲ್ಮಾನರ ಕಣದಲ್ಲಿ ಬರ್ಕತ್, ಅಂದರೆ ಸಮೃದ್ಧಿ. ಅಜ್ಜನ ಹಿಂದೆ ಕಣ ಸುತ್ತಿದ ಮೊಮ್ಮಗಳಿಗೆ ಎಣಿಕೆ ಎಂದರೆ ಅದೇ.

"ಒಂದು ಅನ್ನವಾ" ಎಂದು ಮಾಸ್ತರು ರಮಿಸಿದರು, ಗದರಿದರು. ಹುಡುಗಿ ತುಟಿ ಬಿಗಿಹಿಡಿಯುವಳು. "ಒಂದು ಅನ್ನದಾಕಿಗಿ ಹತ್ತು ಎಲ್ಲಿಂದ ಬರ್ತದ?" ಎಂದು ಮಾಸ್ತರು ದಸರೆಯಿಂದ ಅವಳ ಕಾರ್ಡಿಗೆ ಗುರುತು ಹಾಕಲೇ ಇಲ್ಲ. ಬರ್ಕತ್ ಅಂದರೂ ಒಂದೇ ಬೀಜ, ಒಂದು ಅಂದರೂ ಒಂದೇ ಬೀಜ. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ. ಆದರೆ ಗಣಿತದವರಿಗೆ ಇದನ್ನು ಹೇಳುವವರು ಯಾರು?

ಮೆಣಸಿನಕಾಯಿ ಬಿಡಿಸುವ ಕಾಲ ಬಂತು. ಒಂದು ಶನಿವಾರ ಆಮೀನಾಳ ತಾಯಿ ಖಾಜಾಬೀ ಕಂಕುಳಲ್ಲಿ ಕೂಸು ಹೊತ್ತು ಶಾಲೆಗೆ ಬಂದು, ಗೋಡೆಯ ಏಣಿ ನೋಡಿದಳು. ಅವಳಿಗೆ ಓದು ಬರದು, ಆದರೆ ಕೆಳಗಿನ ಮೆಟ್ಟಿಲಲ್ಲಿ ಒಂಟಿಯಾಗಿ ಉಳಿದ ಚೀಟಿಯನ್ನು ಮಗಳೇ ಬೆರಳಿಟ್ಟು ತೋರಿಸಿದಳು.

"ಎಲ್ಲಾರ ಮಕ್ಕಳು ಮ್ಯಾಲ ಹೋಗ್ಯಾವ, ನಮ್ದು ಅಲ್ಲೇ ಕುಂತದಲ್ರಿ ಮಾಸ್ತರ?"

"ಒಂದು ಅನ್ನವಲ್ಲಳವಾ, ನಾ ಏನ್ ಮಾಡ್ಲಿ?"

"ತಲಿಗಿ ಹತ್ತಲಿಲ್ಲಂದ್ರ ಬ್ಯಾಡ ಬಿಡ್ರಿ. ಸೋಮವಾರದಿಂದ ಕೂಸಿನ ಹಿಡ್ಯಾಕ ಹೊಲಕ್ಕ ಕರ್ಕೊಂಡ್ ಹೋಗ್ತೀನಿ. ನನಗೂ ಎರಡೂ ಕೈ ಬಿಡುವಾಗ್ತಾವ."

ಹೊಲಕ್ಕೆ ಹೋದ ಮಗು ತಿರುಗಿ ಬರುವುದಿಲ್ಲ ಎಂದು ಮೂವತ್ತೊಂದು ವರ್ಷದ ಹಾಜರಿ ಪುಸ್ತಕ ಮಾಸ್ತರಿಗೆ ಕಲಿಸಿತ್ತು. ಆ ರಾತ್ರಿ ಅನ್ನ ಸೇರಲಿಲ್ಲ. ಆದರೂ ತಪ್ಪು ತಮ್ಮದಿರಬಹುದು ಎಂದು ಮಾತ್ರ ಹೊಳೆಯಲಿಲ್ಲ. ಬೇರು ಅಜ್ಜನಲ್ಲಿದೆ, ಅಜ್ಜನನ್ನು ತಿದ್ದಿದರೆ ಮೊಮ್ಮಗಳು ತಾನೇ ತಿದ್ದಿಕೊಳ್ಳುತ್ತಾಳೆ ಎಂದು ಲೆಕ್ಕ ಹಾಕಿದರು.

ಮರುದಿನ ಭಾನುವಾರ ಮಾಸ್ತರದೇ ರಾಶಿ. ಸುತ್ತಲಿನವರೆಲ್ಲ ಕಾಲುವೆ ನೀರಿಗೆ ಭತ್ತ ಹಚ್ಚಿದ್ದರೂ ಅವರ ಎರಡೆಕರೆ ದಿಬ್ಬಕ್ಕೆ ನೀರು ಏರದು. ಅಲ್ಲಿ ಬಿಳಿಜೋಳವೇ ಗತಿ. ಬಾಷುಮಿಯಾ ಅಳತೆ ಡಬ್ಬಿ ಹಿಡಿದು ಬಂದ, ಜೊತೆಗೆ ಆಮೀನಾ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಕಣಕ್ಕೆ ಕಾಲಿಟ್ಟರು. ಮಾನಮ್ಮ ಚೀಲದ ಬಾಯಿ ಹಿಡಿದಳು.

"ಬಾಷುಮಿಯಾ, ಇವತ್ತ್ ಒಂದು ಅಂತ್ಲೇ ಸುರು ಮಾಡು. ನಿನ್ನ ಮೊಮ್ಮಗಳೂ ಕೇಳ್ಲಿ" ಎಂದರು ಮಾಸ್ತರು.

ಬಾಷುಮಿಯಾ ಗಡ್ಡ ನೀವಿಕೊಂಡ. "ರಾಶಿ ನಿಮ್ದು, ಬಾಯಿ ನಂದು. ನನ್ನ ಬಾಯಿಲೆ ಆ ಮಾತ್ ಬರಂಗಿಲ್ರಿ. ನೀವೇ ಅಳೀರಿ, ನೀವೇ ಅನ್ರಿ" ಎಂದು ಡಬ್ಬಿಯನ್ನು ಅವರ ಕೈಗಿಟ್ಟ.

ಅದೇನು ಮಹಾ! ಮಾಸ್ತರು ಬಗ್ಗಿ ಡಬ್ಬಿ ತುಂಬಿದರು. ಜೋಳ ಬೆಚ್ಚಗಿತ್ತು. ಕಾಲುವೆ ಬರುವ ಮುಂಚೆ, ಅವರಪ್ಪ ಇದೇ ದಿಬ್ಬದಲ್ಲಿ ಮೂರು ಚೀಲಕ್ಕೆ ಮುಗಿದ ರಾಶಿಯ ಮುಂದೆ ಸುಮ್ಮನೆ ಕೂತದ್ದು ಕಣ್ಣಿಗೆ ಬಂತು. ಮಾನಮ್ಮ ಗಂಡನ ತುಟಿಯನ್ನೇ ನೋಡುತ್ತಿದ್ದಳು. ಡಬ್ಬಿ ಚೀಲದ ಬಾಯಿಗೆ ಬಂತು, ಮಾಸ್ತರು ಬಾಯಿ ತೆರೆದರು.

"ಲಾಭ!"

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಮಾನಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬಾಷುಮಿಯಾ ದೊಡ್ಡ ಮನುಷ್ಯ, ಎತ್ತಲೋ ನೋಡಿದ. ಆಮೀನಾ ಮಾತ್ರ ನಗಲಿಲ್ಲ. ದಡ್ಡ ಹುಡುಗ ಕೊನೆಗೂ ಸರಿ ಉತ್ತರ ಕೊಟ್ಟಾಗ ಮಾಸ್ತರು ತಲೆ ಆಡಿಸುತ್ತಾರಲ್ಲ, ಹಾಗೆ ತಲೆ ಆಡಿಸಿದಳು. ಮಾಸ್ತರಿಗೆ ನಾಚಿಕೆಯಾಯಿತು. ಎಷ್ಟು ಮಕ್ಕಳ ಅಂಗೈಗೆ ಇದೇ ಮಾತಿಗಾಗಿ ತಮ್ಮ ಕೋಲು ಬಿದ್ದಿತ್ತು ಎಂದು ಎರಡನೇ ಡಬ್ಬಿ ತುಂಬುವಾಗ ನೆನಪಾಯಿತು.

ಸೋಮವಾರ ಬೆಳಗ್ಗೆ ಖಾಜಾಬೀ ಮಗಳನ್ನು ಕರೆದೊಯ್ಯಲು ಕೂಸು, ಬುತ್ತಿ ಗಂಟಿನೊಂದಿಗೆ ಬಾಗಿಲಲ್ಲಿ ನಿಂತಿದ್ದಳು. "ಐದ್ ನಿಮಿಷ ತಡಿಯವಾ" ಎಂದು ಮಾಸ್ತರು ಯಾರ ಕೈಯನ್ನೂ ಹಿಡಿಯದೆ ನೆಲಕ್ಕೆ ಕೂತರು. ಆಮೀನಾಳ ಮುಂದೆ ತಾವೇ ಬೀಜ ಜೋಡಿಸಿದರು. "ಬರ್ಕತ್, ಎರಡು, ಮೂರು..." ಹತ್ತರವರೆಗೆ. ದೇವಿಂದ್ರನ ಬಾಯಿ ತೆರೆದದ್ದು ತೆರೆದೇ ಇತ್ತು.

"ನಿನ್ನಿ ನಾನೂ ಒಂದು ಅನ್ನಲಿಲ್ಲ, ನೀ ನೋಡೀದಿ. ಈಗ ಕೇಳ್ತೀನಿ, ಹೇಳು. ಈ ಬರ್ಕತ್ ಅಂದ್ರ ಎಷ್ಟು?"

ಹುಡುಗಿ ಅತ್ತಿತ್ತ ನೋಡಿ, ಎದ್ದು ಬಂದು ಅವರ ಕಿವಿಗೆ ಬಾಯಿಟ್ಟಳು. "ಒಂದ್ರಿ. ಜೋರಾಗಿ ಅನ್ನಬ್ಯಾಡ್ರಿ."

"ಗೊತ್ತಿತ್ತೇನು ನಿನಗ? ದಸರಾದಿಂದ ಯಾಕ ಹೇಳ್ಲಿಲ್ಲ?"

"ನೀವ್ ಕೇಳೇ ಇಲ್ರಿ ಸರ. ಬರೇ ಅನ್ನು, ಅನ್ನು ಅಂದ್ರಿ."

ಮಾಸ್ತರ ಕಣ್ಣು ತುಂಬಿ ಬಂದಿತ್ತು, ಕನ್ನಡಕ ಒರೆಸುವ ನೆವ ಮಾಡಿದರು. ಆಮೇಲೆ ಗೋಡೆಯ ಏಣಿಯಲ್ಲಿ ಆಮೀನಾಳ ಹೆಸರಿನ ಚೀಟಿಯನ್ನು ಒಂದಲ್ಲ, ಐದು ಮೆಟ್ಟಿಲು ಮೇಲೆ ಅಂಟಿಸಿದರು.

"ಏನಂದ್ಳ್ರಿ? ಪಾಸಾದ್ಳೇನ್ರಿ?" ಖಾಜಾಬೀ ಬಾಗಿಲಿನಿಂದಲೇ ಕೇಳಿದಳು.

"ಆಕಿ ದಸರಾಕ್ಕೇ ಪಾಸಾಗ್ಯಾಳವಾ. ನಾ ಇವತ್ತ್ ಆದೆ."

ಖಾಜಾಬೀಗೆ ಅರ್ಥವಾಗಲಿಲ್ಲ, ಏಣಿ ಅರ್ಥವಾಯಿತು. ಒಳಗೆ ಮಗಳನ್ನು ಒಮ್ಮೆ ಕರೆದು ನೋಡಿದಳು. ಆಮೀನಾ ಮುಂದಿನ ಕಾರ್ಡು ಹಿಡಿದು ಕೂತಿದ್ದಳು, ತಲೆ ಎತ್ತಲಿಲ್ಲ. ಖಾಜಾಬೀ ಕೂಸನ್ನು ಸೆರಗಿನಲ್ಲಿ ಬೆನ್ನಿಗೆ ಬಿಗಿದುಕೊಂಡು, ಒಬ್ಬಳೇ ಕಾಲುವೆ ದಂಡೆ ಹಿಡಿದು ಹೊಲಕ್ಕೆ ಹೋದಳು.