ಕುಡಿಯದವರು ಆರಿಸಿಕೊಟ್ಟ ಸ್ಕಾಚ್

"ಅವ್ವಾ, ಮಾರ್ಕೆಟ್‌ನಾಗ ಅದೀನಿ. ಆಮ್ಯಾಲೆ ಮಾಡ್ತೀನಿ."

ಫೋನ್ ಕಟ್ ಮಾಡಿ ತಲೆ ಎತ್ತಿದೆ. ಕೌಂಟರಿನ ಆಚೆಗಿದ್ದವರೊಬ್ಬರು ನಗುತ್ತಿದ್ದರು.

"ಸುಳ್ಳೇನಲ್ಲ ಬಿಡ್ರಿ ಅಕ್ಕಾರ. ಇದೂ ಒಂದು ಮಾರ್ಕೆಟ್ಟೇ."

ಕನ್ನಡ! ಅದೂ ಎಲ್ಲಿ? ಹೈದರಾಬಾದಿನ ಕೂಕಟ್‌ಪಲ್ಲಿಯ ವೈನ್ ಶಾಪಿನಲ್ಲಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. (ಅವ್ವನಿಗೆ ಹೇಳುವುದು ಪೂರ್ತಿ ಸುಳ್ಳಾಗದಿರಲಿ ಎಂದು ಮೊದಲೇ ಎರಡು ಕಟ್ಟು ಮೆಂತ್ಯ ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೆ.)

ನಾನಲ್ಲಿಗೆ ಹೋದದ್ದು ಪ್ರಸಾದ್ ಗಾರು ಅವರಿಗಾಗಿ. ನಮ್ಮ ಪ್ರಾಜೆಕ್ಟ್ ಹೆಡ್. ಕಂಪನಿ ಬಿಡುತ್ತಿದ್ದರು. ಹೈಟೆಕ್ ಸಿಟಿಯಲ್ಲಿ ಈಗ ವಾರಕ್ಕೊಬ್ಬರು ಕಂಪನಿ ಬಿಡುತ್ತಾರೆ, ವಾರಕ್ಕೊಂದು ಕೇಕ್ ಕತ್ತರಿಸುತ್ತೇವೆ, ಮುಖ ಒರೆಸಿಕೊಂಡು ಸೀಟಿಗೆ ಮರಳುತ್ತೇವೆ. ಪ್ರಸಾದ್ ಗಾರು ಹಾಗಲ್ಲ. ಹೆರಿಗೆ ರಜೆ ಮುಗಿಸಿ ನಾನು ಬಂದಾಗ ಯಾವ ಟೀಮೂ ನನ್ನನ್ನು ತೆಗೆದುಕೊಳ್ಳಲು ತಯಾರಿರಲಿಲ್ಲ. "ಆರು ಗಂಟೆಗೆ ಮನೆಗೆ ಹೋಗಬೇಕು ಅನ್ನುವವರೇ ಆರು ಗಂಟೆಯೊಳಗೆ ಕೆಲಸ ಮುಗಿಸುತ್ತಾರೆ" ಎಂದು ಕರೆದುಕೊಂಡವರು ಅವರೊಬ್ಬರೇ.

ಅವರ ಮನೆಯಲ್ಲಿ ಒಂದು ಗಾಜಿನ ಬೀರು. ಅದರ ತುಂಬ ಆನ್‌ಸೈಟ್ ಎಂದು ವಿದೇಶಕ್ಕೆ ಹೋದಾಗಲೆಲ್ಲ ತಂದ ಸ್ಕಾಚ್. ಅಂಥವರಿಗೆ ಗಿಫ್ಟ್ ಕೂಡ ಸ್ಕಾಚೇ ಆಗಬೇಕಲ್ಲ? ಟೀಮಿನವರೆಲ್ಲ ಸೇರಿ ದುಡ್ಡು ಹಾಕಿದರು. ತರುವವರು ಯಾರು? ಗಂಡಸರೆಲ್ಲ ಸಾಫ್ಟ್‌ವೇರ್ ರಿಲೀಸ್ ಗಡಿಬಿಡಿಯಲ್ಲಿದ್ದರು. "ನೀವು ಸೀರೆ ಅಂಗಡಿಯಲ್ಲಿ ಅಷ್ಟು ಚೌಕಾಸಿ ಮಾಡ್ತೀರಲ್ಲ, ನೀವೇ ತನ್ನಿ" ಎಂದ ಸಂದೀಪ. ನನ್ನ ಟೀಮಿನ ಹುಡುಗ. ಯಾವುದು ತರಬೇಕೆಂದೂ ಅವನೇ ಹೇಳಿಕೊಟ್ಟಿದ್ದ: ಮರದ ಡಬ್ಬಿ, ಒಳಗೆ ರೇಷ್ಮೆಯ ಅಸ್ತರು, ಮೇಲೆ ಬಂಗಾರದ ಕಿರೀಟ. ಅಂಗಡಿಯಲ್ಲೇ ಅತಿ ದುಬಾರಿ.

"ಆ ಡಬ್ಬಿ ಕೊಡ್ರಿ" ಎಂದೆ.

ಅವರು ಕೈ ಎತ್ತಲಿಲ್ಲ. ಐವತ್ತು ದಾಟಿದ ವಯಸ್ಸು, ಹಣೆಯಲ್ಲಿ ಮೂರು ಬೆರಳು ವಿಭೂತಿ. ಹೆಸರು ಶರಣಪ್ಪ, ಲಿಂಗಸೂಗೂರು ಕಡೆಯವರು.

"ಯಾರಿಗ್ರಿ?"

"ನಮ್ಮ ಸಾಹೇಬ್ರಿಗೆ."

"ನೀರು ಹಾಕ್ಕೋತಾರೋ, ಸೋಡಾನೋ? ಊಟಕ್ಕಿಂತ ಮೊದಲೋ, ಆಮ್ಯಾಲೋ? ಒಬ್ಬರ ಕುಂತು ಕುಡಿತಾರೋ, ನಾಕು ಮಂದಿ ಕೂಡೋ?"

ನನಗೆ ಹೇಗೆ ಗೊತ್ತಿರಬೇಕು? ಡಾಕ್ಟರ್ ಕೂಡ ಇಷ್ಟು ಕೇಳುವುದಿಲ್ಲ. ಸಂದೀಪನಿಗೆ ಫೋನ್ ಮಾಡಿದೆ. ನಾಲ್ಕು ಹನಿ ನೀರು, ಊಟವಾದ ಮೇಲೆ, ಬಾಲ್ಕನಿಯಲ್ಲಿ, ಒಬ್ಬರೇ ಎಂದ.

ಶರಣಪ್ಪನವರು ಬಿಸಿಲು ಬೀಳದ ಒಳಗಿನ ಗೂಡಿನಿಂದ ಒಂದು ಬಾಟಲಿ ತಂದಿಟ್ಟರು. ಬರೀ ರಟ್ಟಿನ ಡಬ್ಬಿ, ಸಾದಾ ಚೀಟಿ. ಬೆಲೆ? ಆ ಮರದ ಡಬ್ಬಿಯ ಅರ್ಧ!

"ಇಲ್ಲಿ ಓದ್ರಿ. ಪೀಪಾಯಿನಾಗ ಹನ್ನೆರಡು ವರ್ಷ ಇತ್ತು ಅಂತ ವಯಸ್ಸು ಬರದಾರ. ಆ ಡಬ್ಬಿಮ್ಯಾಲೆ ಕಿರೀಟ ಐತಿ, ವಯಸ್ಸಿಲ್ಲ. ಇದರಾಗ ಮದ್ಯ ನೂರಕ್ಕ ನಲವತ್ತಾರು, ಅದರಾಗ ನಲವತ್ತು. ಅಂದ್ರ ಇದರಾಗ ನೀರು ಕಮ್ಮಿ. ಅದರ ಹೆಚ್ಚಿನ ರೊಕ್ಕ ಡಬ್ಬಿ ಮಾಡಿದ ಬಡಿಗ್ಯಾನ ಕಿಸೇಕ ಹೋಗೈತ್ರಿ."

"ರುಚಿ ಹೆಂಗೈತಿ?"

"ಗೊತ್ತಿಲ್ರಿ. ನಾ ಕುಡಿಯಂಗಿಲ್ಲ. ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ."

ನೀವೇ ಹೇಳಿ, ಏನು ಮಾಡುತ್ತಿದ್ದಿರಿ? ಹದಿನಾಲ್ಕು ಜನರ ದುಡ್ಡು. ಎದುರಿಗೆ, ತಾನೇ ರುಚಿ ನೋಡದ ಮಾಲನ್ನು ಹೊಗಳುವ ವ್ಯಾಪಾರಿ. ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು: ದುಬಾರಿಯದನ್ನು ಕೇಳಿದ ಗಿರಾಕಿಗೆ ಅಗ್ಗದ್ದನ್ನು ಕೊಡುವ ವ್ಯಾಪಾರಿ ಮೋಸ ಮಾಡಿದರೂ ಯಾರಿಗೆ ಲಾಭ?

ರಟ್ಟಿನ ಡಬ್ಬಿ ಮೆಂತ್ಯದ ಪಕ್ಕ ಮಲಗಿತು. ಉಳಿದ ದುಡ್ಡಿನಲ್ಲಿ ಪ್ರಸಾದ್ ಗಾರು ಅವರ ಹೆಂಡತಿಗೊಂದು ಪೋಚಂಪಲ್ಲಿ ಸೀರೆ ತಂದೆ. (ಅಲ್ಲಿ ಚೌಕಾಸಿ ಮಾಡಿದೆ.)

ಶನಿವಾರ ಸಂಜೆ ಮಿಯಾಪುರದ ಅವರ ಫ್ಲಾಟಿನಲ್ಲಿ ಎಲ್ಲರೂ ಸೇರಿದೆವು. ರಟ್ಟಿನ ಡಬ್ಬಿ ನೋಡಿದ ಸಂದೀಪನ ಮುಖ ಸಪ್ಪೆಯಾಯಿತು. "ಇದೇನ್ ಮೇಡಂ, ಬೂಟಿನ ಡಬ್ಬಿ ಇದ್ದಂಗಿದೆ!" ಯಾರೋ ಕಿಸಕ್ಕೆಂದರು.

ಪ್ರಸಾದ್ ಗಾರು ಬಾಟಲಿಯನ್ನು ದೀಪಕ್ಕೆ ಹಿಡಿದರು. ಬಿರಡೆ ತೆಗೆದರು. ಗ್ಲಾಸಿಗೆ ಒಂದಿಷ್ಟು ಬಗ್ಗಿಸಿ, ನಾಲ್ಕು ಹನಿ ನೀರು ಬಿಟ್ಟು, ಮೂಗಿನ ಹತ್ತಿರ ತಂದು, ಹಾಗೇ ನಿಂತುಬಿಟ್ಟರು.

ಆಮೇಲೆ ಒಂದು ಗುಟುಕು.

ಗ್ಲಾಸನ್ನು ನನ್ನ ಕಡೆ ಚಾಚಿದರು. ನಾನು ಕುಡಿಯುವವಳಲ್ಲ, ಮೂಸಿ ನೋಡಿದೆ. ಏನೆಂದು ಹೇಳಲಿ? ಗಾಣದ ಮನೆಯ ಬಿಸಿ ಬೆಲ್ಲ, ಒಣದ್ರಾಕ್ಷಿ, ದೂರದಲ್ಲೆಲ್ಲೋ ಆರಿದ ಒಲೆಯ ಹೊಗೆ. ಯಾವುದೋ ಕಾಣದ ದೇಶದ ಹನ್ನೆರಡು ಚಳಿಗಾಲ ಆ ಬೆರಳು ದಪ್ಪದ ಬಂಗಾರದ ನೀರಿನಲ್ಲಿ ಸುಮ್ಮನೆ ಕೂತಿದ್ದವು.

"ಎವರಮ್ಮಾ ಸೆಲೆಕ್ಟ್ ಚೇಸಿಂದಿ?" ಆರಿಸಿದವರು ಯಾರೆಂದು ಕೇಳುತ್ತಿದ್ದರು. ತಮ್ಮ ಬೀರುವಿನಲ್ಲಿ ಇದಕ್ಕೆ ಎರಡು ಪಟ್ಟು ಬೆಲೆಯವು ಇವೆ, ಇಂಥದ್ದಿಲ್ಲ ಎಂದರು.

ಜೀವನದಲ್ಲಿ ಒಂದು ಹನಿಯೂ ಕುಡಿಯದವರು ಎಂದೆ. ನಂಬಲಿಲ್ಲ.

ಭಾನುವಾರ ಬೆಳಗ್ಗೆ ಅವರೇ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಆ ಅಂಗಡಿಗೆ ಬಂದರು. ಶರಣಪ್ಪನವರು ಬಟ್ಟೆ ಹಿಡಿದು ಬಾಟಲಿ ಒರೆಸುತ್ತಿದ್ದರು. ಪ್ರಸಾದ್ ಗಾರು ಕೈ ಮುಗಿದರು. ಎಷ್ಟು ಜನರ ಕೆಲಸಕ್ಕೆ ಅಂಕ ಹಾಕಿ ಅಪ್ರೈಸಲ್ ಬರೆದ ಕೈ ಅದು! ಶರಣಪ್ಪನವರು ಗಾಬರಿಯಾಗಿ ಬಟ್ಟೆ ಕೆಳಗಿಟ್ಟರು.

ಶರಣಪ್ಪನವರಿಗೆ ತೆಲುಗು ಬರುತ್ತಿತ್ತು, ಆದರೂ ನನ್ನ ಮುಂದೆ ಕನ್ನಡ ಬಿಡಲಿಲ್ಲ; ಹಾಗಾಗಿ ನಡುವೆ ನಿಂತು ಪ್ರಸಾದ್ ಗಾರು ಅವರ ಪ್ರಶ್ನೆಯನ್ನು ನಾನೇ ಕೇಳಿದೆ. ಕುಡಿಯದೆ ಹೇಗೆ ಗೊತ್ತಾಗುತ್ತದೆ?

"ಇದರಾಗ ಏನೈತ್ರಿ ಅಕ್ಕಾರ? ಮೊದಲು ನಮ್ಮ ಮಾಲಕರ ಕಿರಾಣಿ ಅಂಗಡ್ಯಾಗ ಇದ್ದೆ. ಅವರು ಇದರ ಲೈಸೆನ್ಸ್ ಹಿಡಿದ್ರು, ನಾ ಇಲ್ಲಿಗೆ ಬಂದೆ. ಬ್ಯಾಳಿ ಮಾರಿದಂಗ ಇದನ್ನೂ ಮಾರಾಕತ್ತೀನಿ. ಒಯ್ದವರು ತಿರುಗಿ ಬಂದಾಗ ಹೆಂಗಿತ್ತು ಅಂತ ಕೇಳ್ತೀನಿ. ಕುಡದವರು ಭಾಳ ಮಾತಾಡ್ತಾರ್ರಿ, ನಾ ಕೇಳಿಸ್ಕೋತೀನಿ." ಮರದ ಡಬ್ಬಿಯ ಕಡೆ ಕೈ ತೋರಿಸಿದರು. "ಅದನ್ನ ಮಂದಿ ಕೊಡಾಕ ಒಯ್ತಾರ. ಒಬ್ಬರೂ ತಮಗಂತ ಎರಡನೇ ಸಲ ಕೇಳಿಲ್ಲ. ಈ ರಟ್ಟಿನ ಡಬ್ಬಿ ಒಯ್ದವರು ಮತ್ತ ಮತ್ತ ಬಂದಾರ. ಅಷ್ಟ."

ಪ್ರಸಾದ್ ಗಾರು ನನ್ನ ತರ್ಜುಮೆಗೆ ತಲೆದೂಗುತ್ತ ಇನ್ನೊಂದು ಪ್ರಶ್ನೆ ಕೇಳಿಸಿದರು. ಒಂದೇ ಒಂದು ಸಲ ರುಚಿ ನೋಡಬೇಕು ಅನ್ನಿಸಿಲ್ಲವೇ? ವ್ರತವೇ?

ಶರಣಪ್ಪನವರು ವಿಭೂತಿ ಮುಟ್ಟಿಕೊಂಡು ನಕ್ಕರು.

"ವ್ರತಾನೂ ಐತ್ರಿ. ಅದರಕಿಂತ ಹೆಚ್ಚಿಂದು ಇನ್ನೊಂದೈತಿ. ನಾ ರುಚಿ ನೋಡಿದ್ರ ನನ್ನ ರುಚಿ ಹೇಳಾಕ ಸುರು ಮಾಡ್ತೀನಿ. ಈಗ ಗಿರಾಕಿ ರುಚಿ ಹೇಳಾಕತ್ತೀನಿ."

ತೆಲುಗಿಗೆ ತರ್ಜುಮೆ ಮಾಡಲು ಬಾಯಿ ತೆರೆದೆ. ಬೇಕಾಗಲಿಲ್ಲ. ಪ್ರಸಾದ್ ಗಾರು ಆ ಮುಖವನ್ನೇ ನೋಡುತ್ತ ನಿಂತಿದ್ದರು, ಹಿಂದಿನ ಸಂಜೆ ಗ್ಲಾಸ್ ಹಿಡಿದು ನಿಂತ ಹಾಗೆಯೇ.

ಎಲ್ಲದರ ರುಚಿ ನೋಡಿ ಎಲ್ಲದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿರುವ ನಾವು, ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡು ಎಷ್ಟು ದಿನವಾಯಿತು?