ದೇವರೆತ್ತಿಗೂ ಮಾಲೀಕರು ಬೇಕಂತೆ

ಸೂರಪ್ಪ ಮೂವತ್ತೆರಡು ವರ್ಷದಿಂದ ಕಿಲಾರಿ. ಮ್ಯಾಸಬೇಡರ ಹಟ್ಟಿಯ ದೇವರೆತ್ತುಗಳನ್ನು ಕಾಯುವವನು. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಯಾರೂ ‘ನಂದು’ ಅನ್ನುವಂತಿಲ್ಲ. ಅಂದವನು ಕಿಲಾರಿಯ ಕೋಲು ಹಿಡಿಯುವ ಹಾಗಿಲ್ಲ. ಅದು ಹಟ್ಟಿಯ ಕಟ್ಟು.

ಮೊಳಕಾಲ್ಮೂರಿನ ಗುಡ್ಡದಿಂದ ವೇದಾವತಿಯ ದಂಡೆವರೆಗೂ ಮೇಯಿಸಿಕೊಂಡು ಬಂದ ಮಂದಿ ಇವರು. ಪಾಳೆಗಾರರು ಹೋದರು, ಮೈಸೂರಿನ ದೊರೆಗಳು ಬಂದರು, ಬಿಳಿಯರು ಬಂದರು, ಚಳ್ಳಕೆರೆಗೆ ತಾಲ್ಲೂಕು ಕಚೇರಿ ಬಂತು. ಯಾರು ಬಂದರೂ ಹುಲ್ಲನ್ನು ಎತ್ತೇ ತಿಂದಿತು. ಈಗ ಬಂತು ನೋಡಿ, ಗೋಡೆ! ಹುಲ್ಲುಗಾವಲಿನ ಸುತ್ತ ಆಳೆತ್ತರ ಗೋಡೆ, ಮೇಲೆ ಮುಳ್ಳುತಂತಿ, ಒಳಗೆ ಹೋಗಲು ಒಂದೇ ಗೇಟು. ಯಾವ ಪುಣ್ಯಾತ್ಮರ ಕೆಲಸವೋ!

ಗೋಡೆ ಏಳುವ ಮುಂಚೆ, ಕಟ್ಟುವವರ ಕಡೆಯವನೊಬ್ಬ ಹಟ್ಟಿಗೆ ಬಂದು, "ನಿನ್ನವು ಎಷ್ಟು ದನ?" ಎಂದು ಕೇಳಿದ್ದ.

"ನನ್ನವು ಒಂದೂ ಇಲ್ಲ ಸ್ವಾಮಿ," ಎಂದಿದ್ದ ಸೂರಪ್ಪ. ಬೆನ್ನ ಹಿಂದೆಯೇ ನೂರಿಪ್ಪತ್ತು ಎತ್ತು ನಿಂತಿದ್ದವು. ಹಟ್ಟಿಯವರೆಲ್ಲ ಹಾಗೇ ಅಂದರು. ಬರೆದುಕೊಂಡವನಿಗೆ ಕಣ್ಣಿರಲಿಲ್ಲವೇ? ‘ಜಾನುವಾರು ಇಲ್ಲ’ ಎಂದು ಗೀಚಿಕೊಂಡು ಹೋದ. ದನವಿಲ್ಲದ ಹಟ್ಟಿಗೆ ಹುಲ್ಲೇಕೆ ಎಂದು ಗೇಟು ಮುಚ್ಚಿದರು.

ಈ ಬೇಸಿಗೆಗೆ ಎತ್ತುಗಳ ಪಕ್ಕೆಲುಬು ಎಣಿಸುವಂತಾಯಿತು. ಎರಡು ಸತ್ತವು. ಸೂರಪ್ಪ ಬರಿಗಾಲಲ್ಲೇ ಗೋಡೆಯವರ ಆಫೀಸಿಗೆ ಹೋದ. ಗುಮಾಸ್ತ ತಲೆ ಎತ್ತಲಿಲ್ಲ.

"ಮಾಲೀಕರ ಹೆಸರು ಹೇಳು ಯಜಮಾನ. ಹೆಸರಿದ್ರೆ ಮೇಯ್ಸಕ್ಕೆ ಚೀಟಿ ಕೊಡ್ತೀವಿ."

"ದೇವರವು ಸ್ವಾಮಿ."

"ದೇವ್ರು ಬಂದು ಸಹಿ ಹಾಕ್ತಾನಾ?"

ಸೂರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಆಫೀಸು ಹುಟ್ಟೋಕೆ ಮುಂಚಿಂದ ಈ ಹುಲ್ಲು ತಿಂದವು ಅವು! ಅವಕ್ಕೆ ನಾನು ಮಾಲೀಕ್ನಾ? ನನ್ನ ನಾಲಿಗೆ ಬಿದ್ದೋಗಲ್ವಾ?"

ಗುಮಾಸ್ತ ಮುಂದಿನವನನ್ನು ಕರೆದ. ಸೂರಪ್ಪ ಕದಲಲಿಲ್ಲ. ಉಳಿದ ನೂರಹದಿನೆಂಟು ಎತ್ತು ಕಣ್ಣಮುಂದೆ ಬಂದವು.

"ಬರ್ಕೊಳ್ರಿ," ಎಂದ. "ನನ್ನವೇ."

ಮಾರನೆಯ ದಿನ ಗೇಟು ತೆರೆಯಿತು. ಎತ್ತುಗಳನ್ನು ಒಳಗೆ ಹೊಡೆದವನು ತಮ್ಮನ ಮಗ ಬಾಲರಾಜ್. ಸೂರಪ್ಪ ತನ್ನ ಕೋಲನ್ನು ಗುಡಿಯ ಮುಂದಿಟ್ಟು ಬಂದು, ಗೇಟಿನ ಹೊರಗೇ ನಿಂತ.

ಹೆಂಡತಿ ದೊಡ್ಡಕ್ಕ ಕೂಗಾಡಿದಳು: "ಸುಳ್ಳು ಹೇಳ್ಸಿದೋರು ಕುರ್ಚಿ ಮ್ಯಾಲೆ ಹಾಯಾಗಿ ಕುಂತವ್ರೆ! ನೀನ್ಯಾಕೆ ಕೋಲು ಬಿಡ್ಬೇಕು?"

"ಅವ್ರಿಗೆ ಬಿಡಕ್ಕೆ ಏನೈತೆ?" ಎಂದ ಸೂರಪ್ಪ.

ಮುದಿ ಎತ್ತೊಂದು ಒಳಗೆ ಹೋಗದೆ ಗೇಟಿನಲ್ಲೇ ನಿಂತು, ದಿನದಂತೆ ಅವನ ಕೂಗಿಗೆ ಕಾಯುತ್ತಿತ್ತು. ಅವನು ಕೂಗಲಿಲ್ಲ.