ಅವಸರದ ಕೂಸಿಗೆ ಎರೆದ ನೀರು

ಮೊನ್ನೆ ಗುತ್ತಲದ ಬಸ್ಸಿನಲ್ಲಿ ಪಕ್ಕದ ಬಾಣಂತಿಯ ತೊಡೆ ಮೇಲಿದ್ದ ಕೂಸಿನ ನೆತ್ತಿಯಿಂದ ಔಡಲೆಣ್ಣೆಯ ವಾಸನೆ ಬಂತು. ಇಳಿದುಬಿಡೋಣ ಅನ್ನಿಸಿತು. ಆದರೆ ನಾನು ಹೊರಟಿದ್ದು ಖಾಲಾ ತೀರಿಕೊಂಡರೆಂದು ಅವರ ಮಗಳನ್ನು ಮಾತಾಡಿಸಲು...

ಖಾಲಾ ಎಂದರೆ ಬ್ಯಾಡಗಿಯ ನನ್ನ ತವರಿನ ಪಕ್ಕದ ಮನೆಯ ಮುಸ್ಲಿಂ ಹೆಂಗಸು; ಚಿಕ್ಕಮ್ಮ ಎನ್ನುವಂತೆ ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದೆವು. ಓಣಿಯ ಕೂಸುಗಳಿಗೆಲ್ಲ, ನಮ್ಮವರದಿರಲಿ ಅವರವರದಿರಲಿ, ಎಣ್ಣೆ ಹಚ್ಚಿ ನೀರು ಎರೆಯುತ್ತಿದ್ದರು. ಹೊಟ್ಟೆಪಾಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಕೂಸಿಗೆ ಎರೆಯುವುದಿದ್ದರೆ ಹಿಂದಿನ ದಿನವೇ ಆ ಕೆಲಸ ಬಿಡುತ್ತಿದ್ದರು. ಎಷ್ಟು ತೊಳೆದರೂ ಖಾರ ಕೈಯಲ್ಲಿ ಉಳಿಯುತ್ತದೆ, ಎಳೆ ಚರ್ಮ ತಾಳುವುದಿಲ್ಲ.

ನನ್ನ ಮೊದಲ ಮಗಳು ದಿನ ತುಂಬುವ ಎರಡು ತಿಂಗಳು ಮುಂಚೆಯೇ ಹುಟ್ಟಿದಳು. ರಾಣೆಬೆನ್ನೂರಿನ ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ತೂಕ ಹೆಚ್ಚುವ ತನಕ ನೀರು ಎರೆಯಬೇಡಿ, ಎದೆಗೆ ಅವಚಿಕೊಂಡೇ ಇರಿ ಎಂದಿದ್ದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಏಳು ತಿಂಗಳಿಗೇ ಹುಟ್ಟಿದ ಕೂಸು ಉಳಿಯುವುದಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಎಲ್ಲರ ಕೂಸಿನಂತೆ ನನ್ನದೂ ಮಿಂದು ಕೆಂಪಗಾಗಿ ಮಲಗಲಿ ಎಂಬ ಹಟ ನನ್ನದು.

"ಡಾಕ್ಟರು ಏನಂದಾರವ್ವಾ?" ಎಂದು ಖಾಲಾ ಕೇಳಿದರು.

"ಎರೀರಿ ಅಂದಾರ್ರಿ," ಎಂದೆ.

ಎರೆದರು. ಕೂಸು ಕೆಂಪಾಯಿತು, ನಾವೆಲ್ಲ ನೋಡಿ ನಕ್ಕೆವು. ಸುತ್ತಿ ತೊಟ್ಟಿಲಿಗೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಪಾದಗಳು ತಣ್ಣಗಾಗಿದ್ದವು... ರಾಣೆಬೆನ್ನೂರು ಮುಟ್ಟುವಾಗ ಉಸಿರಿರಲಿಲ್ಲ.

ಚಳಿಯಾದರೆ ನಮ್ಮ ಚರ್ಮದ ಸಣ್ಣ ಸಣ್ಣ ರಕ್ತನಾಳಗಳು ಕುಗ್ಗಿ ಮೈಯ ಬಿಸಿ ಹಿಡಿದಿಡುತ್ತವೆ ಎಂದರು ಡಾಕ್ಟರು. ಕುಗ್ಗು ಎಂದು ಹೇಳುವ ನರದ ಎಳೆಗಳು ಕೂಸು ಬೆಳೆದಂತೆ ಆ ನಾಳಗಳಿಗೆ ಕೂಡಿಕೊಳ್ಳುತ್ತ, ಬಲಿಯುತ್ತ ಹೋಗುತ್ತವಂತೆ. ನನ್ನ ಮಗಳಲ್ಲಿ ಆ ಕೆಲಸ ಇನ್ನೂ ಮುಗಿದಿರಲಿಲ್ಲ. ನಾವು ನೋಡಿ ನಕ್ಕ ಆ ಕೆಂಪಿನಲ್ಲೇ ಅವಳ ಬಿಸಿ ಹೊರಗೆ ಹೋಗುತ್ತಿತ್ತು.

"ನನ್ನ ಕೈಲೇ ಹೋತು ಕೂಸು," ಎಂದರು ಖಾಲಾ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಸುಮ್ಮನಿದ್ದೆ. ಆಮೇಲೆ ಅವರು ಒಂದು ದಿನವೂ ಬಿಡದೆ ಮೆಣಸಿನಕಾಯಿ ಕೆಲಸಕ್ಕೆ ಹೋದರು. ಯಾರಾದರೂ ಎರೆಯಲು ಕರೆದರೆ, "ಕೈಯಾಗ ಖಾರ ಐತ್ರಿ," ಎನ್ನುತ್ತಿದ್ದರು. ನನಗೆ ಎರಡನೆಯ ಕೂಸಾದಾಗಲೂ ಹಾಗೇ ಅಂದರು. ಆಗಲಾದರೂ ಹೇಳಬಹುದಿತ್ತು...

ಗುತ್ತಲದಲ್ಲಿ ಅವರ ಮಗಳು ಚಹಾ ಕೊಟ್ಟು ನನ್ನ ಮುಂದೆ ಕುಳಿತಳು.

"ಅಮ್ಮಿ ಕಡೀತನಕ ನಿಮ್ಮ ಕೂಸಿಗೆ ದುವಾ ಮಾಡತಿದ್ರು. ಅವರ ತಪ್ಪು ಮಾಫ್ ಮಾಡ್ರಿ ಅಕ್ಕಾರ," ಎಂದಳು.

"ಮಾಡೇನವ್ವಾ," ಎಂದುಬಿಟ್ಟೆ.